ತೆಂಗಿನ ನಾರಿನಿಂದ ಬಜೆಟ್‌ವರೆಗೆ



ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳೆದವರಿಗೆ ಕಂಡಿಕೆ ಎಂದರೇನೆಂದು ಹೇಳಬೇಕಾಗಿಲ್ಲ. ರೊಟ್ಟಿ ಬಡಿದು, ಮಗುವನ್ನು ಮಲಗಿಸಿ, ಉಳಿದ ಹೊತ್ತಿನಲ್ಲಿ ಕಂಡಿಕೆ ಸುತ್ತುವವರು ನೀವು. ಸೀರೆ ಮಾರಾಟವಾದಾಗ ಕೂಲಿ ಬರೆಯುವುದು ಮಗ್ಗದ ಮುಂದೆ ಕುಳಿತವರ ಹೆಸರಿಗೆ. ಜಮಖಂಡಿ, ಮುಧೋಳ, ಬೀಳಗಿ ಕಡೆ ಮನೆಯ ಹೊಲದಲ್ಲೇ ಕಬ್ಬಿನ ಕಳೆ ತೆಗೆಯುವ ಸಹೋದರಿಯ ದುಡಿಮೆಯಾದರೂ ಯಾವ ಪುಸ್ತಕದಲ್ಲಿದೆ?

ಇಂಥ ಕೈಗಳ ಲೆಕ್ಕ ಹಿಡಿದೇ ಅರ್ಥಶಾಸ್ತ್ರಕ್ಕೆ ಬಂದವರೊಬ್ಬರು ಪಕ್ಕದ ಕೇರಳದಲ್ಲಿದ್ದಾರೆ. ಹೆಸರು ಥಾಮಸ್ ಐಸಾಕ್. 1952ರಲ್ಲಿ ಹುಟ್ಟಿದ ಇವರು ಡಾಕ್ಟರೇಟಿಗೆ ಆರಿಸಿಕೊಂಡದ್ದು ತೆಂಗಿನ ನಾರು ನೇಯುವವರ ಉದ್ಯಮವನ್ನು. ಸಿಪಿಎಂ ಪಕ್ಷದ ಕೆಲಸ ಮತ್ತು ಓದು ಎರಡೂ ಜೊತೆಯಾಗಿ ಸಾಗಿದವು.

ಅವರು ಇಬ್ಬರು ಸಂಗಡಿಗರೊಂದಿಗೆ ಬರೆದ ಒಂದು ಪುಸ್ತಕದ ವಿಷಯ ನಮಗೂ ಸಂಬಂಧಪಟ್ಟದ್ದು. ಬೀಡಿ ಕಾರ್ಮಿಕರ ಕೂಲಿ, ರಜೆಗಳ ಹಕ್ಕಿಗಾಗಿ 1966ರಲ್ಲಿ ಬಂದ ಕಾಯ್ದೆಯನ್ನು ಕೇರಳ ಸರ್ಕಾರ 1968ರಲ್ಲಿ ಜಾರಿ ಮಾಡಲು ಹೊರಟಾಗ, ಮಂಗಳೂರಿನ ಮಾಲೀಕರು ಕಣ್ಣೂರಿನ ಕಾರ್ಖಾನೆಗಳಿಗೆ ಬೀಗ ಹಾಕಿದರು. ಸಾವಿರಾರು ಜನ ಬೀದಿಗೆ ಬಿದ್ದರು. ಆ ಕಾರ್ಮಿಕರೇ 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು. ಬೀಡಿಯೇನೂ ಹೊಗಳುವ ವಸ್ತುವಲ್ಲ, ಅದು ಬೇರೆ ಮಾತು. ಬೀಡಿ ಸೇದುವವರು ಕಡಿಮೆಯಾದಾಗ ಸಂಘ ಬಾಗಿಲು ಮುಚ್ಚಲಿಲ್ಲ. ಕೊಡೆ, ಬಟ್ಟೆ, ಆಹಾರ ಪದಾರ್ಥಗಳ ತಯಾರಿಕೆಗೆ ಇಳಿಯಿತು.

1996ರಲ್ಲಿ ಐಸಾಕ್ ಕೇರಳದ ಯೋಜನಾ ಮಂಡಳಿಯ ಸದಸ್ಯರಾದರು. ಜನತಾ ಯೋಜನೆಯಲ್ಲಿ ರಾಜ್ಯದ ಯೋಜನಾ ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪಂಚಾಯತಿ, ನಗರಸಭೆಗಳಿಗೆ ಹೋಯಿತು. ಅದರಲ್ಲಿ ಶೇ. 10ರಷ್ಟನ್ನು ಮಹಿಳೆಯರಿಗೆಂದೇ ತೆಗೆದಿಡಬೇಕೆಂಬ ನಿಯಮವೂ ಬಂತು. ಮೊದಮೊದಲು ಆ ಹಣ ಹೊಲಿಗೆ ಯಂತ್ರ ಹಂಚುವುದಕ್ಕೇ ಸೀಮಿತವಾಗುತ್ತದೆಂಬ ದೂರೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. 1998ರಲ್ಲಿ ಆರಂಭವಾದ ಕುಟುಂಬಶ್ರೀ ಅವರೊಬ್ಬರ ಕೂಸಲ್ಲ. ಆದರೆ ನೆರೆಮನೆಯ ಹೆಂಗಸರು ಕೂಡಿ ಉಳಿತಾಯ ಮಾಡಿ, ಸ್ವಂತ ಉದ್ಯೋಗ ನಡೆಸುವ ಆ ಸಂಘಗಳಿಗೆ ಪಂಚಾಯತಿಯ ಹಣ ಆಸರೆಯಾಯಿತು.

ಐಸಾಕ್ 2006ರಿಂದ 2011 ಹಾಗೂ 2016ರಿಂದ 2021ರವರೆಗೆ ಹಣಕಾಸು ಸಚಿವರಾಗಿದ್ದರು. 2019ರಲ್ಲಿ ಲಂಡನ್ನಿನ ಮಾರುಕಟ್ಟೆಯಿಂದ 2,150 ಕೋಟಿ ರೂಪಾಯಿ ಸಾಲ ತಂದದ್ದಕ್ಕೆ, ಬಜೆಟ್ಟಿನ ಹೊರಗಿನ ಸಾಲವೆಂಬ ಟೀಕೆ ಎದುರಿಸಿದರು. 2021ರಲ್ಲಿ ಪಕ್ಷದ ನಿಯಮದಂತೆ ಟಿಕೆಟ್ ಸಿಗಲಿಲ್ಲ. 2024ರಲ್ಲಿ ಪತ್ತನಂತಿಟ್ಟದಿಂದ ಲೋಕಸಭೆಗೆ ನಿಂತು ಸೋತರು.

ಅವರ ಪಕ್ಷವನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕೇಳುವುದು ಇಷ್ಟೇ: ನಿಮ್ಮ ಮನೆಯ ಯಜಮಾನರು ನೇಕಾರರ ಸಂಘದ ಸದಸ್ಯರಾಗಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ವಿಚಾರಿಸಿ, ಕಂಡಿಕೆಯ ಕೂಲಿ ಅಲ್ಲಿ ಯಾರ ಹೆಸರಿನಲ್ಲಿ ಬರೆದಿದೆ?