ಕಾಲುನೋವಿಗೆ "ವಯಸ್ಸಾಯ್ತು" ಅನ್ನೋದು ಉತ್ತರ ಅಲ್ಲ

ಮನೆಯ ಹಿರಿಯರು ಕಾಲುನೋವು ಅಂದಾಗ ನಾವು ಹೇಳೋದು ಒಂದೇ ಮಾತು: "ವಯಸ್ಸಾಯ್ತಲ್ಲ, ವಾತ ಇರಬೇಕು." ಈ ಮಾತನ್ನು ಬಿಡಲೇಬೇಕು. ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದ್ದರೆ, ನಮ್ಮ ಉದಾಸೀನಕ್ಕೆ ಅವರು ಕಾಲನ್ನೇ ತೆರಬೇಕಾದೀತು.

ಗುರುತು ಹಿಡಿಯೋದು ಕಷ್ಟವಲ್ಲ. ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತೆ, ನಿಂತರೆ ಬಿಡುತ್ತೆ: ಇದು ಮೊದಲ ಸೂಚನೆ. ರಾತ್ರಿ ಮಲಗಿದಾಗ ಪಾದ ನೋಯುತ್ತೆ, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸುತ್ತೆ ಅಂದರೆ ಕಾಯಿಲೆ ಬಲಿತಿದೆ. ಎರಡು ವಾರವಾದರೂ ಮಾಯದ ಗಾಯ, ಕಪ್ಪಾಗುತ್ತಿರುವ ಬೆರಳು ಕಂಡರೆ ಕಾಯಲೇಬೇಡಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಚಿ, ಮರಗಟ್ಟಿದರೆ ಉಳಿದಿರೋದು ಕೆಲವೇ ಗಂಟೆ. ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಶುಗರ್ ಇದ್ದವರಿಗೆ ನೋವೇ ತಿಳಿಯದಿರಬಹುದು. ಅವರ ಪಾದವನ್ನು ದಿನಾ ನೋಡಬೇಕು.

ಎಬಿಐ ಪರೀಕ್ಷೆ ಮಾಡ್ತೀರಾ ಅಂತ ಕೇಳಿ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸೋ ಸುಲಭದ ಲೆಕ್ಕ ಅದು. 0.9ಕ್ಕಿಂತ ಕಡಿಮೆ ಬಂದರೆ ತೊಂದರೆ ಇದೆ, 0.4ಕ್ಕಿಂತ ಕಡಿಮೆ ಅಂದರೆ ತೀವ್ರ. ಶುಗರ್‌ನವರಲ್ಲಿ ನಾಳ ಗಟ್ಟಿಯಾಗಿ ಈ ಲೆಕ್ಕ ತಪ್ಪಬಹುದು, ಡಾಪ್ಲರ್ ಕೇಳಿ.

ನಮ್ಮ ಭಾಷೆಯ ಪ್ರಶ್ನೆಯೂ ಇಲ್ಲೇ ಬರೋದು. "ನೋವು ನಡೆದಾಗಲೋ, ಮಲಗಿದಾಗಲೋ?" ಈ ಉತ್ತರದಿಂದಲೇ ಡಾಕ್ಟರಿಗೆ ಅರ್ಧ ದಾರಿ ಸಿಗುತ್ತೆ. ಮಲಯಾಳ, ತಮಿಳು, ಮರಾಠಿ, ತೆಲುಗಲ್ಲಿ ಕೇಳಿದ್ದು ತಿಳಿಯದೆ ಅಜ್ಜಿ ತಲೆಯಾಡಿಸಿದರೆ, ನೋವಿನ ಮಾತ್ರೆ ಹಿಡಿದು ವಾಪಸ್ ಬರ್ತಾರೆ. ಎರಡೂ ಭಾಷೆ ಬಲ್ಲವರು ನಾವು. ಬೈಕಲ್ಲಿ ಗೇಟಿನ ತನಕ ಬಿಟ್ಟು ಬಂದರೆ ಸಾಲದು. ಒಳಗೆ ಹೋಗಿ ಅವರ ಮಾತನ್ನು ಇದ್ದ ಹಾಗೇ ದಾಟಿಸಬೇಕು.

ಮನೆಯಲ್ಲಿ ಬಿಸಿ ಶಾಖ, ಬ್ಲೇಡಿನಿಂದ ಆಣಿ ಕೆತ್ತೋದು, ಬರಿಗಾಲ ಓಡಾಟ ಬೇಡ. ಬೀಡಿ ಸಿಗರೇಟು ಪೂರ್ತಿ ನಿಲ್ಲಬೇಕು. ಇದು ಬರೀ ಮುದುಕರ ಮಾತಲ್ಲ: ಬರ್ಗರ್ ಕಾಯಿಲೆ ಅನ್ನೋದು ತಂಬಾಕು ಬಿಡದ ಹರೆಯದವರ ಬೆರಳನ್ನೇ ಕಸಿಯುತ್ತೆ.

ಕಾಲು ಕತ್ತರಿಸಬೇಕು ಅಂದರೆ ಸಹಿ ಹಾಕೋ ಮುಂಚೆ "ನಾಳ ತೆರೆಯೋಕೆ ಆಗುತ್ತಾ?" ಅಂತ ರಕ್ತನಾಳ ತಜ್ಞರನ್ನು ಕೇಳಿ. ಆಂಜಿಯೋಪ್ಲಾಸ್ಟಿ, ಬೈಪಾಸ್‌ನಿಂದ ಎಷ್ಟೋ ಕಾಲುಗಳು ಉಳಿಯುತ್ತವೆ. ಸೋಂಕು ಏರಿ ಪ್ರಾಣಕ್ಕೇ ಕುತ್ತು ಬಂದಿದ್ದರೆ ಮಾತ್ರ ತಡಮಾಡುವಂತಿಲ್ಲ.

ಶೇರ್ ಆಮೇಲೆ ಮಾಡಿ. ಮೊದಲು ಮನೆಯ ಹಿರಿಯರ ಪಾದ ನೋಡಿ, ಬೆರಳ ಸಂದಿಯನ್ನೂ ಬಿಡದೆ.