ಎಣ್ಣೆ ಡಬ್ಬಿಯ ಮೇಲೆ ಕನ್ನಡ ಎಲ್ಲಿದೆ?

ಪೇಟೆಯ ಕನ್ನಡ ತರುಣರೇ,

1992ರಲ್ಲಿ ನಮ್ಮ ಆನಗೋಡಿನಲ್ಲಿ ಇಬ್ಬರು ರೈತರು ಪೊಲೀಸರ ಗುಂಡಿಗೆ ಬಲಿಯಾದರು. 1998ರಲ್ಲಿ ರೈತಸಂಘ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಮಾನ್ಸಾಂಟೋದ ಬಿಟಿ ಹತ್ತಿಗೆ ಬೆಂಕಿಯಿಟ್ಟಿತು. ಆದರೂ 2002ರಲ್ಲಿ ದಿಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಇಂದು ಆ ಹತ್ತಿಬೀಜದ ಎಣ್ಣೆ, ಅರ್ಜೆಂಟೀನಾದ ಕುಲಾಂತರಿ ಸೋಯಾ ಎಣ್ಣೆ ಅಂಗಡಿಗೆ ಬರುತ್ತಿವೆ. ಡಬ್ಬಿಯಲ್ಲಿ ಏನಿದೆಯೆಂದು ನಿಮ್ಮ ತಾಯಿ ಓದಬಲ್ಲರೇ? ಹಿಂದಿ ಇಲ್ಲವೇ ಇಂಗ್ಲಿಷ್ ಇದ್ದರೆ ಸಾಕಂತೆ, ಕೇಂದ್ರದ ನಿಯಮ! 2013ರಲ್ಲಿ ಬಂದ ‘ಜಿಎಂ’ ಮುದ್ರೆಯೂ ಇಂಗ್ಲಿಷೇ! ಕನ್ನಡಿಗ ದುಡ್ಡು ಕೊಟ್ಟು ಕಣ್ಣುಮುಚ್ಚಿ ತಿನ್ನಬೇಕೇ?

ರೈತ ತನ್ನ ಪಾಲಿನ ಹೋರಾಟ ಮಾಡಿದ್ದಾನೆ. ನೀವು? ಡಬ್ಬಿ ತಿರುಗಿಸಿ ನೋಡಿ. ಹತ್ತಿಬೀಜ, ಸೋಯಾ ಎಂದಿದ್ದರೆ ಕೆಳಗಿಡಿ. ಗಾಣದ ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಕೇಳಿ. ‘ಕನ್ನಡದಲ್ಲಿ ಬರೆಯದ ಮಾಲು ನಮಗೆ ಬೇಡ’ ಎಂದು ಅಂಗಡಿಯವರ ಮುಖಕ್ಕೇ ಹೇಳಿ. ತಿನ್ನುವ ಅನ್ನದ ಹೆಸರು ತಾಯ್ನುಡಿಯಲ್ಲಿರಲಿ!