ವಿಡಿಯೊ ತೆರೆಯದಿದ್ದರೆ ವೈರಸ್ ಬರುವುದಿಲ್ಲವೇ?

‘ಡ್ಯಾನ್ಸ್ ಆಫ್ ದಿ ಹಿಲರಿ’ ಎಂಬ ವಿಡಿಯೊ ತೆರೆದರೆ ಮೊಬೈಲ್ ಫಾರ್ಮ್ಯಾಟ್ ಆಗುತ್ತದೆ, ಎಲ್ಲರಿಗೂ ತಿಳಿಸಿ ಎಂಬ ಫಾರ್ವರ್ಡ್ 2017ರ ಮೇ ತಿಂಗಳಲ್ಲಿ ಹರಿದಾಡಿತ್ತು. ಅದೇ ದಿನಗಳಲ್ಲಿ ವನ್ನಾಕ್ರೈ ಎಂಬ ನಿಜವಾದ ಪಿಡುಗು ಸುಮಾರು 150 ದೇಶಗಳ ಕಂಪ್ಯೂಟರ್‌ಗಳಲ್ಲಿ ಫೈಲುಗಳಿಗೆ ಬೀಗ ಜಡಿದು ಹಣ ಕೇಳುತ್ತಿತ್ತು. ಆಂಧ್ರಪ್ರದೇಶ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳೂ ಅದಕ್ಕೆ ತುತ್ತಾದವು. ಒಂದರಿಂದ ಇನ್ನೊಂದಕ್ಕೆ ಹರಡಲು ಅದಕ್ಕೆ ಯಾರೂ ವಿಡಿಯೊ ತೆರೆಯುವ ಅಗತ್ಯವಿರಲಿಲ್ಲ.

ಹಾಗಾದರೆ ಹರಡಿದ್ದು ಹೇಗೆ?

ಅಂಬೇವಾಡಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಎರಡು ಕಂಪ್ಯೂಟರ್‌ಗಳಿವೆ ಎಂದುಕೊಳ್ಳಿ. ಒಂದರಲ್ಲಿರುವ ಫೈಲನ್ನು ಪೆನ್‌ಡ್ರೈವ್ ಇಲ್ಲದೆಯೇ ಇನ್ನೊಂದರಲ್ಲಿ ತೆರೆಯಬಹುದು. ವಿಂಡೋಸ್‌ನಲ್ಲಿ ಈ ಕೆಲಸ ಮಾಡುವ ವ್ಯವಸ್ಥೆಗೆ ಎಸ್‌ಎಂಬಿ ಎಂದು ಹೆಸರು. ಫೈಲ್ ಕೊಡುವುದು ಸರ್ವರ್, ಕೇಳುವುದು ಕ್ಲೈಂಟ್. ವನ್ನಾಕ್ರೈ ನುಗ್ಗಿದ್ದು ಸರ್ವರ್ ಭಾಗದ ದೋಷದಿಂದ.

ಫೈಲ್ ಕೇಳುವ ಕಂಪ್ಯೂಟರಿಗೆ ಅಪಾಯವಿಲ್ಲವೇ?

ಇದೆ. 2020ರ ಮಾರ್ಚ್‌ನಲ್ಲಿ ಬಯಲಾದ ‘ಎಸ್‌ಎಂಬಿ ಘೋಸ್ಟ್’ ದೋಷ ವಿಂಡೋಸ್ 10ರ 1903 ಮತ್ತು 1909 ಆವೃತ್ತಿಗಳಲ್ಲಿ ಎರಡೂ ಕಡೆ ಇತ್ತು. ಕುಗ್ಗಿಸಿ ಕಳಿಸಿದ ಸಂದೇಶವನ್ನು ಬಿಡಿಸಲು ಎಷ್ಟು ಜಾಗ ಬೇಕೆಂದು ತಿಳಿಯಲು ವಿಂಡೋಸ್ ಆ ಸಂದೇಶದಲ್ಲೇ ಇರುವ ಎರಡು ಸಂಖ್ಯೆಗಳನ್ನು ಕೂಡುತ್ತಿತ್ತು. ಮೊತ್ತ ಮಿತಿ ಮೀರಿತೇ ಎಂದು ಮಾತ್ರ ನೋಡುತ್ತಿರಲಿಲ್ಲ. ಹಳೆಯ ಸ್ಕೂಟರಿನ ಮೀಟರ್ 99999 ದಾಟಿದ ಮೇಲೆ 00000 ತೋರಿಸುವಂತೆ, ದೊಡ್ಡ ಮೊತ್ತ ಚಿಕ್ಕದಾಗಿಬಿಡುತ್ತಿತ್ತು. ಚಿಕ್ಕ ಜಾಗಕ್ಕೆ ಸುರಿದ ಹೆಚ್ಚಿನ ಮಾಹಿತಿ ಉಕ್ಕಿ ಪಕ್ಕದ ಮೆಮೊರಿಯನ್ನು ಅಳಿಸಿ ಅಲ್ಲಿ ಕೂರುತ್ತದೆ. ದಾಳಿಕೋರ ಇದನ್ನು ಲೆಕ್ಕ ಹಾಕಿ ಕಳಿಸಿದರೆ ಕಂಪ್ಯೂಟರ್ ಅವನ ಮಾತು ಕೇಳತೊಡಗುತ್ತದೆ. ಮೋಸದ ಸರ್ವರ್‌ಗೆ ನಿಮ್ಮ ಕಂಪ್ಯೂಟರ್ ಸಂಪರ್ಕ ಸಾಧಿಸಿದರೆ ಸಾಕು, ಅಲ್ಲಿಂದ ಬರುವ ಉತ್ತರವೇ ದಾಳಿ.

ಆಗ ಮೈಕ್ರೋಸಾಫ್ಟ್ ‘ಕಂಪ್ರೆಷನ್ ಆಫ್ ಮಾಡಿ’ ಎಂಬ ತಾತ್ಕಾಲಿಕ ಉಪಾಯ ಹೇಳಿತ್ತು. ಅದು ಸರ್ವರ್‌ಗೆ ಮಾತ್ರ, ಕ್ಲೈಂಟ್‌ಗೆ ರಕ್ಷಣೆ ಕೊಡುವುದಿಲ್ಲ ಎಂದೂ ಸ್ಪಷ್ಟಪಡಿಸಿತ್ತು. ಉಪಾಯವನ್ನಷ್ಟೇ ಹಂಚಿಕೊಂಡು ಈ ಎಚ್ಚರಿಕೆಯನ್ನು ಬಿಟ್ಟರೆ, ನಿಜವಾದ ಮಾಹಿತಿಯೂ ಅಪಾಯಕಾರಿಯೇ.

ಪರಿಹಾರವೇನು?

ಅಪ್‌ಡೇಟ್. ಎಸ್‌ಎಂಬಿ ಘೋಸ್ಟ್‌ಗೆ 2020ರ ಮಾರ್ಚ್ 12ರಂದೇ ಅಪ್‌ಡೇಟ್ ಬಂತು. ವನ್ನಾಕ್ರೈ ಬಳಸಿದ ದೋಷಕ್ಕೆ 2017ರ ಮಾರ್ಚ್ 14ರಂದೇ ಬಂದಿತ್ತು. ದಾಳಿ ನಡೆದದ್ದು ಮೇ 12ರಂದು. ಈ ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕಿಕೊಂಡ ಕಂಪ್ಯೂಟರ್‌ಗಳೊಳಗೆ ಆ ದಾರಿಯಿಂದ ನುಗ್ಗಲು ಅದಕ್ಕೆ ಆಗಲಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಗಡಿ, ಕಚೇರಿಗಳಲ್ಲಿ ಇನ್ನೂ ಅದನ್ನೇ ಬಳಸುವವರು ಇದನ್ನು ಗಮನಿಸಬೇಕು. ಈ ಎರಡೂ ದೋಷಗಳು ವಿಂಡೋಸ್‌ಗೆ ಸೇರಿದ್ದು, ನಿಮ್ಮ ಆಂಡ್ರಾಯ್ಡ್ ಮೊಬೈಲಿಗಲ್ಲ. ಮುಂದಿನ ಬಾರಿ ‘ಹತ್ತು ಜನಕ್ಕೆ ಕಳಿಸಿ’ ಎಂಬ ವೈರಸ್ ಎಚ್ಚರಿಕೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಬಾಕಿ ಉಳಿದ ಅಪ್‌ಡೇಟ್ ಹಾಕಿಕೊಳ್ಳಿ.